ಮಿನುಗುವ ಬೆಳಕು ಮತ್ತು ಫಿಟ್ಸ್: ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯ ಸರ್ಕಾರಿ ಆಸ್ಪತ್ರೆಯೊಂದರ ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ಗೆರೆಗಳಾಗಿ ದಾಖಲಿಸುವ ಪರೀಕ್ಷೆ) ಕೋಣೆಯಲ್ಲಿ ತಂತ್ರಜ್ಞನಾಗಿ ದುಡಿದು ನಿವೃತ್ತನಾದವನು ನಾನು. ವೈದ್ಯನಲ್ಲ. ರೋಗಿಯ ತಲೆಗೆ ತಂತಿಗಳನ್ನು ಅಂಟಿಸಿ, ಕಣ್ಣ ಮುಂದೆ ದೀಪ ಮಿನುಗಿಸಿ, ಮೆದುಳಿನ ಗೆರೆಗಳು ಏಳುವುದನ್ನೂ ಬೀಳುವುದನ್ನೂ ನೋಡುತ್ತ ಕೂರುವುದು ನನ್ನ ಕೆಲಸವಾಗಿತ್ತು. ಮಾಟುಂಗದಲ್ಲೋ ಡೊಂಬಿವಲಿಯಲ್ಲೋ ಕನ್ನಡದ ಕಾರ್ಯಕ್ರಮ ಮುಗಿದು ಊಟದ ಸಾಲಿನಲ್ಲಿ ನಿಂತಾಗ ಪಕ್ಕದವರು ತಗ್ಗಿದ ದನಿಯಲ್ಲಿ ಕೇಳಿದ ಪ್ರಶ್ನೆಗಳು, ಪುಣೆಯಿಂದಲೂ ಗೋವೆಯ ವಾಸ್ಕೊದಿಂದಲೂ ಬಂದ ಪತ್ರಗಳಲ್ಲಿದ್ದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಇಟ್ಟಿದ್ದೇನೆ. ಔಷಧದ ವಿಷಯದಲ್ಲಿ ನಿಮ್ಮ ನರರೋಗ ತಜ್ಞರ ಮಾತೇ ಕೊನೆಯದು.

## ಮೊದಲು ತಿಳಿಯಬೇಕಾದದ್ದು

ಟೀವಿ ನೋಡಿದರೆ ಫಿಟ್ಸ್ ಬರುತ್ತದೆ ಅನ್ನುತ್ತಾರಲ್ಲ, ನಿಜವೇ?

ಕೆಲವರಿಗೆ ನಿಜ, ಎಲ್ಲರಿಗೂ ಅಲ್ಲ. ಮಿನುಗುವ ಬೆಳಕು ಅಥವಾ ದಟ್ಟ ಪಟ್ಟೆಗಳ ಚಿತ್ರ ಕಣ್ಣಿಗೆ ಬಿದ್ದಾಗ ಫಿಟ್ಸ್ ಬರುವ ಸ್ವಭಾವವನ್ನು ಬೆಳಕು ಸಂವೇದಿ ಅಪಸ್ಮಾರ ಎನ್ನುತ್ತಾರೆ. ಇದು ಸಾಮಾನ್ಯ ಜನರಲ್ಲಿ ಸುಮಾರು 4,000ಕ್ಕೆ ಒಬ್ಬರಲ್ಲಿ ಕಾಣಿಸುತ್ತದೆ. 7ರಿಂದ 19 ವರ್ಷದೊಳಗಿನವರಲ್ಲಿ ಅದರ ಸುಮಾರು ಐದು ಪಟ್ಟು ಹೆಚ್ಚು, ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಟೀವಿ ಈ ಕಾಯಿಲೆಯನ್ನು ಹುಟ್ಟಿಸುವುದಿಲ್ಲ. ಮೆದುಳಿನಲ್ಲಿ ಮೊದಲೇ ಇರುವ ಒಲವನ್ನು ಅದು ಕೆಣಕುತ್ತದೆ, ಅಷ್ಟೆ.

ಮಗನಿಗೆ ಫಿಟ್ಸ್ ಇದೆ. ಮೊಬೈಲು, ಟೀವಿ, ಗಣಪತಿ ಮೆರವಣಿಗೆ ಎಲ್ಲ ಬಂದ್ ಮಾಡಿದ್ದೇವೆ. ಸರಿ ತಾನೇ?

ಬಹುಶಃ ಸರಿಯಲ್ಲ. ಅಪಸ್ಮಾರ ಇರುವ 100 ಮಂದಿಯಲ್ಲಿ ಬೆಳಕಿಗೆ ಫಿಟ್ಸ್ ಬರುವವರು ಸುಮಾರು 3 ಮಂದಿ ಮಾತ್ರ. ಉಳಿದ 97 ಮಂದಿಯ ಮನೆಗಳಲ್ಲಿ ಟೀವಿಗೆ ಹಾಕಿದ ಬೀಗದಿಂದ ಯಾರಿಗೂ ಲಾಭವಿಲ್ಲ. ನನ್ನ ಕೋಣೆಗೆ ಬರುತ್ತಿದ್ದ ಎಷ್ಟೋ ತಾಯಂದಿರು ಮೊದಲು ಹೇಳುತ್ತಿದ್ದುದೇ, "ಮೊಬೈಲ್ ಮುಟ್ಟಲು ಬಿಟ್ಟಿಲ್ಲ ಸಾರ್" ಎಂದು. ಮಾತ್ರೆ ತಪ್ಪದೆ ಕೊಡುತ್ತಿದ್ದೀರಾ ಎಂದು ಕೇಳಿದರೆ ಉತ್ತರ ತಡವಾಗುತ್ತಿತ್ತು. ಮಾತ್ರೆ ತಪ್ಪುವುದು, ನಿದ್ದೆಗೆಡುವುದು, ಜ್ವರ, ಮದ್ಯಪಾನ ಇವು ಬೆಳಕಿಗಿಂತ ಬಹಳ ಹೆಚ್ಚು ಜನರಿಗೆ ಫಿಟ್ಸ್ ತರಿಸುತ್ತವೆ. ಹುಡುಗ ರಾತ್ರಿ ಎರಡು ಗಂಟೆಯವರೆಗೆ ಮೊಬೈಲ್ ನೋಡಿ ಬೆಳಿಗ್ಗೆ ಬಿದ್ದರೆ, ಅದರಲ್ಲಿ ಪರದೆಯ ಬೆಳಕಿಗಿಂತ ಹೋದ ನಿದ್ದೆಯ ಪಾಲು ದೊಡ್ಡದು. ಆದ್ದರಿಂದ ಮಗನಿಗೆ ಬೆಳಕಿನ ಸಂವೇದನೆ ಇದೆಯೇ ಎಂಬುದನ್ನು ಮೊದಲು ಇಇಜಿಯಲ್ಲಿ ತಿಳಿದುಕೊಳ್ಳಿ. ನಿರ್ಬಂಧದ ಮಾತು ಆಮೇಲಿನದು.

ಬೆಳಕು ಕಣ್ಣಿಗೆ ಬಿದ್ದರೆ ಮೆದುಳಿನಲ್ಲಿ ಏನಾಗುತ್ತದೆ?

ಕಣ್ಣು ಕಂಡದ್ದೆಲ್ಲ ತಲೆಯ ಹಿಂಭಾಗದಲ್ಲಿರುವ ದೃಷ್ಟಿಯ ಪ್ರದೇಶಕ್ಕೆ ಹೋಗುತ್ತದೆ. ಅಲ್ಲಿರುವ ಕೋಟ್ಯಂತರ ನರಕೋಶಗಳು ಸಾಮಾನ್ಯವಾಗಿ ಸಂತೆಯಲ್ಲಿರುವ ಜನರಂತೆ: ಒಬ್ಬೊಬ್ಬರದು ಒಂದೊಂದು ಮಾತು, ಯಾರ ದನಿಯೂ ಎಲ್ಲರ ದನಿಯಾಗುವುದಿಲ್ಲ. ಬೆಳಕು ಒಂದೇ ಲಯದಲ್ಲಿ ಹೊಡೆಯುತ್ತ ಹೋದರೆ ಅದೇ ಸಂತೆ ಭಜನೆಯ ತಾಳಕ್ಕೆ ಚಪ್ಪಾಳೆ ತಟ್ಟುವ ಗುಂಪಾಗಿಬಿಡುತ್ತದೆ, ನರಕೋಶಗಳು ಒಟ್ಟಿಗೇ ಉರಿಯತೊಡಗುತ್ತವೆ. ಇದು ನನ್ನಲ್ಲೂ ನಿಮ್ಮಲ್ಲೂ ಆಗುವಂಥದ್ದೇ. ಇಇಜಿಯಲ್ಲಿ ಆರೋಗ್ಯವಂತರ ಮೆದುಳೂ ದೀಪದ ಲಯವನ್ನು ಹಿಂಬಾಲಿಸುವುದು ಕಾಣುತ್ತದೆ. ಆದರೆ ಆರೋಗ್ಯವಂತ ಮೆದುಳು ಬಲವಾದ ಪ್ರಚೋದನೆ ಬಂದಾಗ ತನ್ನ ದನಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬೆಳಕು ಸಂವೇದಿಗಳಲ್ಲಿ ಹಾಗೆ ತಗ್ಗಿಸುವ ಹಿಡಿತ ಸಡಿಲವಾಗಿರುತ್ತದೆ. ಹಿಂಭಾಗದಲ್ಲಿ ಹುಟ್ಟಿದ ತಾಳ ಮುಂದಕ್ಕೆ ಹರಡಿ ಇಡೀ ಮೆದುಳನ್ನು ಆವರಿಸಿದರೆ ಮನುಷ್ಯ ಬೀಳುತ್ತಾನೆ. ಹರಡದೆ ಅಲ್ಲಿಯೇ ನಿಂತರೆ ಕಣ್ಣ ಮುಂದೆ ಬಣ್ಣದ ಚುಕ್ಕೆಗಳು ಕಂಡು, ತಲೆನೋವು ಬಂದು ಮುಗಿಯಬಹುದು.

ಎಷ್ಟು ವೇಗದಲ್ಲಿ ಮಿನುಗಿದರೆ ಅಪಾಯ?

ಸೆಕೆಂಡಿಗೆ 3ರಿಂದ 30 ಬಾರಿ ಎಂದು ಸ್ಥೂಲವಾಗಿ ಹೇಳಬಹುದು. ಅದರಲ್ಲಿಯೂ ಹೆಚ್ಚು ಜನರಿಗೆ ತೊಂದರೆ ಕೊಡುವುದು 15ರಿಂದ 25ರವರೆಗಿನ ಪಟ್ಟಿ. ಇನ್ನೂ ವೇಗದ ಮಿನುಗಿಗೆ, 50–60ಕ್ಕೂ, ಸ್ಪಂದಿಸುವವರು ಇದ್ದಾರೆ, ಆದರೆ ಕಡಿಮೆ. ವೇಗವೊಂದೇ ಸಾಲದು. ಬೆಳಕು ಮತ್ತು ಕತ್ತಲೆಯ ನಡುವಿನ ಅಂತರ ಹೆಚ್ಚಿರಬೇಕು, ಆ ಬೆಳಕು ನೋಟದ ನಡುಭಾಗದ ದೊಡ್ಡ ಜಾಗವನ್ನು ತುಂಬಿರಬೇಕು. ಬಣ್ಣಗಳಲ್ಲಿ ದಟ್ಟ ಕೆಂಪು ಕೆಟ್ಟದ್ದು, ಏಕೆಂದರೆ ಅದು ಕಣ್ಣಿನ ಒಂದೇ ಬಗೆಯ ಬಣ್ಣದ ಕೋಶಗಳನ್ನು ಕೆರಳಿಸುತ್ತದೆ, ಅದನ್ನು ಸರಿತೂಗಿಸಬೇಕಾದ ಹಸಿರಿನ ಕೋಶಗಳು ಸುಮ್ಮನಿರುತ್ತವೆ. ಇನ್ನು ಮಿನುಗೇ ಇಲ್ಲದ ಪಟ್ಟೆಗಳು: ಕಪ್ಪು-ಬಿಳುಪು ಗೆರೆಗಳ ಬಟ್ಟೆ, ಕಿಟಕಿಯ ಪಟ್ಟಿಪರದೆ, ಮೆಟ್ರೊ ನಿಲ್ದಾಣದ ಎಸ್ಕಲೇಟರಿನ ಲೋಹದ ಮೆಟ್ಟಿಲುಗಳು. ಇವು ಬೆಳಕು ಸಂವೇದಿಗಳಲ್ಲಿ ಕೆಲವರನ್ನು ಕಾಡುತ್ತವೆ, ಆ ಪಟ್ಟೆಗಳು ಚಲಿಸುವಾಗ ಇನ್ನೂ ಹೆಚ್ಚು. ಎಸ್ಕಲೇಟರಿನಲ್ಲಿ ಕಾಲ ಕೆಳಗೆ ನೋಡದೆ ಎದುರಿನವರ ಬೆನ್ನು ನೋಡಿ ಎಂದು ಹೇಳುತ್ತಿದ್ದೆ.

ಕಣ್ಣು ಮುಚ್ಚಿಕೊಂಡರೆ ಸಾಕಲ್ಲವೇ?

ಸಾಲದು, ಕೆಲವೊಮ್ಮೆ ಅದೇ ಅಪಾಯ. ರೆಪ್ಪೆಯ ತೆಳುಚರ್ಮದ ಮೂಲಕ ಬಲವಾದ ಬೆಳಕು ಒಳಗೆ ಬರುತ್ತದೆ, ಕೆಂಪಾಗಿ, ಇಡೀ ನೋಟವನ್ನು ತುಂಬುವಂತೆ ಹರಡಿಕೊಂಡು ಬರುತ್ತದೆ. ಮಿನುಗಿನ ನಡುವೆ ಕಣ್ಣು ಮುಚ್ಚುವ ಆ ಕ್ಷಣದಲ್ಲಿಯೇ ಇಇಜಿಯ ಗೆರೆಗಳು ಚೂಪಾಗಿ ಏಳುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ಮಾಡಬೇಕಾದದ್ದು ಇಷ್ಟು: ಒಂದು ಕಣ್ಣನ್ನು ಅಂಗೈಯಿಂದ ಸಂಪೂರ್ಣವಾಗಿ ಮುಚ್ಚಿ, ಮುಖವನ್ನು ಬೆಳಕಿನಿಂದ ತಿರುಗಿಸಿ, ಆ ಜಾಗದಿಂದ ಆಚೆಗೆ ನಡೆಯಿರಿ. ದೃಷ್ಟಿಪ್ರದೇಶದ ಬಹಳಷ್ಟು ಕೋಶಗಳು ಎರಡು ಕಣ್ಣುಗಳ ಸಂದೇಶ ಒಟ್ಟಿಗೆ ಬಂದಾಗಲೇ ಪೂರ್ಣ ಬಲದಿಂದ ಉರಿಯುತ್ತವೆ. ಒಂದು ಕಣ್ಣು ಮುಚ್ಚಿದರೆ ಗುಂಪು ಸಣ್ಣದಾಗುತ್ತದೆ, ತಾಳ ಹಿಡಿಯುವುದು ಕಷ್ಟವಾಗುತ್ತದೆ. ಬೆರಳು ಸಂದು ಬಿಡಬಾರದು. ಈ ಒಂದು ಅಭ್ಯಾಸವನ್ನು ಮಕ್ಕಳಿಗೆ ಆಟದಂತೆ ಕಲಿಸಿಡಿ.

ಬಿದ್ದವನಿಗೆ ಕಾಂದಾ (ಈರುಳ್ಳಿ) ಮೂಸಿಸಬೇಕೇ, ಚಪ್ಪಲಿಯೇ? ಕೈಯಲ್ಲಿ ಬೀಗದ ಕೈ ಇಡಬೇಕೇ?

ಮೂರೂ ಬೇಡ. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಕೈಗಡಿಯಾರ ನೋಡಿ. ಬಾಯಿಗೆ ಚಮಚ, ನೀರು, ಬೆರಳು ಯಾವುದನ್ನೂ ಹಾಕಬೇಡಿ, ಕೈಕಾಲು ಒತ್ತಿ ಹಿಡಿಯಬೇಡಿ. ಸೆಳೆತ ನಿಂತ ಮೇಲೆ ಒಂದು ಮಗ್ಗುಲಿಗೆ ತಿರುಗಿಸಿ. ಬೆಳಕಿನಿಂದ ಆದದ್ದಾದರೆ ಆ ಬೆಳಕನ್ನು ಆರಿಸಿ. 5 ನಿಮಿಷ ದಾಟಿದರೂ ನಿಲ್ಲದಿದ್ದರೆ, ಒಂದರ ಹಿಂದೆ ಇನ್ನೊಂದು ಬಂದರೆ, ಇದೇ ಮೊದಲ ಸಲವಾದರೆ ಅಥವಾ ಪೆಟ್ಟಾಗಿದ್ದರೆ 108ಕ್ಕೆ ಕರೆ ಮಾಡಿ. ಈ ಸಂಖ್ಯೆ ಮಹಾರಾಷ್ಟ್ರದಲ್ಲಿಯೂ ಗೋವೆಯಲ್ಲಿಯೂ ಒಂದೇ.

## ಊರಿನಲ್ಲಿ, ಮನೆಯಲ್ಲಿ, ಹಬ್ಬದಲ್ಲಿ

ಲೋಕಲ್ ಗಾಡಿಯ ಬಾಗಿಲಲ್ಲಿ ನಿಂತು ಹೊರಗೆ ನೋಡಿದರೆ ತಲೆ ಒಂಥರಾ ಆಗುತ್ತದೆ. ಇದೂ ಅದೇನಾ?

ಆಗಿರಬಹುದು, ಲೆಕ್ಕ ಹಾಕಿ ನೋಡೋಣ. ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಸಂಜೆಯ ಇಳಿಬಿಸಿಲು ಎದುರಿಗಿದ್ದು, ನಡುವೆ ಮೀಟರಿಗೊಂದರಂತೆ ಕಂಬಿಗಳ ಬೇಲಿ ಇದ್ದರೆ, ಸೂರ್ಯ ನಿಮ್ಮ ಕಣ್ಣಿಗೆ ಸೆಕೆಂಡಿಗೆ 17 ಸಲ ಮಿನುಗುತ್ತಾನೆ. ಅಪಾಯದ ಪಟ್ಟಿಯ ನಟ್ಟನಡುವೆಯೇ ಬಿದ್ದಂತಾಯಿತು. ಅದೇ 10 ಮೀಟರಿಗೊಂದು ಮರವಾದರೆ ಸೆಕೆಂಡಿಗೆ ಎರಡು ಸಲವೂ ಇಲ್ಲ, ಅದರಿಂದ ಭಯವಿಲ್ಲ. ಖಾಡಿ ಸೇತುವೆಯ ಕಬ್ಬಿಣದ ತೊಲೆಗಳು, ರಸ್ತೆ ಬದಿಯ ಸಾಲುಮರಗಳ ಎಲೆಗಳ ನಡುವಿನ ಬಿಸಿಲು, ಚೌಪಾಟಿಯಲ್ಲಿ ಅಲೆಗಳ ಮೇಲೆ ಕುಣಿಯುವ ಸೂರ್ಯನ ಬೆಳಕು ಇವೆಲ್ಲ ಇದೇ ಗುಂಪಿಗೆ ಸೇರುತ್ತವೆ. ಬಿಸಿಲು ಬೀಳದ ಬದಿಯಲ್ಲಿ ಕುಳಿತು, ಒಳಗಡೆಗೆ ಮುಖಮಾಡುವುದು ಸುಲಭದ ಉಪಾಯ. ಬಿಸಿಲಿನಲ್ಲಿ ಕಪ್ಪು ಕನ್ನಡಕವೂ, ಅದರಲ್ಲೂ ನೀರಿನ ಮೇಲಿನ ಹೊಳಪು ತಡೆಯುವ ಪೋಲರಾಯ್ಡ್ ಗಾಜು, ಸ್ವಲ್ಪ ಕಾಪಾಡುತ್ತದೆ. ಆದರೆ ಇಕ್ಕಟ್ಟಿನಲ್ಲಿ ನಿಂತು, ಊಟ ತಪ್ಪಿಸಿಕೊಂಡು, ಸೆಕೆಗೆ ತಲೆ ತಿರುಗುವುದೂ ಇದೇ ಲೋಕಲ್‌ನಲ್ಲಿಯೇ. ಬಾಗಿಲಲ್ಲಿ ನಿಲ್ಲುವುದನ್ನು ಬಿಡಲು ಫಿಟ್ಸಿನ ಕಾರಣವೇ ಬೇಕಾಗಿಲ್ಲ.

ಮನೆಯ ಟ್ಯೂಬ್‌ಲೈಟ್ ಮಿಟುಕುತ್ತದೆ. ಬದಲಾಯಿಸಬೇಕೇ?

ಬದಲಾಯಿಸಿ. ನಮ್ಮ ವಿದ್ಯುತ್ತು 50 ಹರ್ಟ್ಸಿನದು, ಅಂದರೆ ಸೆಕೆಂಡಿಗೆ 50 ಆವರ್ತ, ಪ್ರತಿ ಆವರ್ತಕ್ಕೂ ದೀಪ ಎರಡು ಸಲ ಮಿನುಗುತ್ತದೆ. ಸರಿಯಾಗಿರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಅದು ಅಪಾಯದ ಮಟ್ಟಕ್ಕಿಂತ ಬಹಳ ಮೇಲಿನದು. ಕೆಟ್ಟು ಮಿಟುಕುವ ದೀಪ ಮಾತ್ರ ಕೆಳಗಿನ ಲಯಕ್ಕೆ ಇಳಿಯುತ್ತದೆ. ಆದರೆ ನನ್ನನ್ನು ಕೇಳಿದರೆ, ನಮ್ಮ ಮನೆಗಳಲ್ಲಿ ಯಾರೂ ಗಮನಿಸದ ವಸ್ತು ಫ್ಯಾನು. ಮೂರು ರೆಕ್ಕೆಯ ಫ್ಯಾನು ನಿಮಿಷಕ್ಕೆ 300 ಸುತ್ತು ತಿರುಗಿದರೆ ಸೆಕೆಂಡಿಗೆ 5 ಸುತ್ತು, ಮೂರು ರೆಕ್ಕೆ ಸೇರಿ 15 ನೆರಳು. ಪೂರ್ತಿ ವೇಗಕ್ಕೆ ಇಟ್ಟರೆ 18ಕ್ಕೂ ಏರಬಹುದು. ಹಳೆಯ ಚಾಳಿನ ಎತ್ತರದ ಕೋಣೆಗಳಲ್ಲಿ ಬಲ್ಬು ಫ್ಯಾನಿಗಿಂತ ಮೇಲಿದ್ದರೆ, ಕೆಳಗೆ ಚಾಪೆಯಲ್ಲಿ ಅಂಗಾತ ಮಲಗಿದ ಮಗುವಿನ ಮುಖದ ಮೇಲೆ ಆ ನೆರಳು ಓಡುತ್ತಲೇ ಇರುತ್ತದೆ. ನೆರಳು ಮಸುಕಾಗಿದ್ದರೆ ಬಹಳ ಮಂದಿಗೆ ಏನೂ ಆಗದು, ನಿಜ. ಆದರೂ ಬೆಳಕು ಸಂವೇದನೆ ಖಚಿತವಾದ ಮನೆಯಲ್ಲಿ ದೀಪವನ್ನು ಫ್ಯಾನಿಗಿಂತ ಕೆಳಗಿನ ಗೋಡೆಗೆ ಇಳಿಸುವುದು ಒಂದು ಬೆಳಗಿನ ಕೆಲಸ.

ಟೀವಿಯಿಂದ ಎಷ್ಟು ದೂರ ಕೂರಬೇಕು? ಮೊಬೈಲ್ ಸಣ್ಣದು, ಅದು ಪರವಾಗಿಲ್ಲವೇ?

ಟೀವಿಗೆ ಎರಡು-ಎರಡೂವರೆ ಮೀಟರ್ ದೂರ, ಕೋಣೆಯಲ್ಲಿ ದೀಪ ಉರಿಯುತ್ತಿರಬೇಕು. ಹಳೆಯ ಡಬ್ಬಿ ಟೀವಿಗಳು ತಾವೇ ಮಿನುಗುತ್ತಿದ್ದವು, ಹತ್ತಿರ ಹೋಗಿ ಚಾನೆಲ್ ತಿರುಗಿಸುವಾಗಲೇ ಮಕ್ಕಳು ಬೀಳುತ್ತಿದ್ದರು. ಇಂದಿನ ಎಲ್‌ಸಿಡಿ ಪರದೆಗಳಿಗೆ ಆ ದೋಷವಿಲ್ಲ, ಉಳಿದಿರುವುದು ದೃಶ್ಯದೊಳಗಿನ ಮಿನುಗು ಮಾತ್ರ. ಮೊಬೈಲ್ ನೋಟದ ಸಣ್ಣ ಭಾಗವನ್ನು ತುಂಬುವುದರಿಂದ ಅಪಾಯ ಕಡಿಮೆ. ಆದರೆ ಕತ್ತಲಲ್ಲಿ ಹೊದಿಕೆಯೊಳಗೆ ಮೂಗಿನ ಹತ್ತಿರ ಹಿಡಿದು ನೋಡಿದರೆ ಸಣ್ಣ ಪರದೆಯೂ ದೊಡ್ಡದೇ. ವೀಡಿಯೊಗಳು ತಾವಾಗಿಯೇ ಓಡುವ ಸೌಲಭ್ಯವನ್ನು ಆರಿಸಿಡಿ. ಐಫೋನಿನಲ್ಲಿ ಮಿನುಗುವ ದೃಶ್ಯಗಳನ್ನು ಮಂಕಾಗಿಸುವ ಆಯ್ಕೆಯೂ ಇದೆ. ಬೆಳಕು ಸಂವೇದಿಗಳನ್ನು ಬೀಳಿಸಲೆಂದೇ ಮಿನುಗುವ ಚಿತ್ರಗಳನ್ನು ಕಳುಹಿಸುವ ವಿಕೃತರೂ ಇದ್ದಾರೆ. ಬ್ರಿಟನ್ 2023ರ ಕಾನೂನಿನಲ್ಲಿ ಅದನ್ನು ಅಪರಾಧವೆಂದು ಸಾರಿತು.

ಜಪಾನಿನಲ್ಲಿ ಕಾರ್ಟೂನ್ ನೋಡಿ ಮಕ್ಕಳು ಆಸ್ಪತ್ರೆ ಸೇರಿದರು ಎಂಬುದು ಕಟ್ಟುಕತೆಯೇ?

ಕಟ್ಟುಕತೆಯಲ್ಲ. 1997ರ ಡಿಸೆಂಬರ್ 16ರ ಸಂಜೆ ಪೋಕೆಮಾನ್ ಸರಣಿಯ ಒಂದು ಕಂತಿನಲ್ಲಿ ಕೆಂಪು ಮತ್ತು ನೀಲಿ ಬಣ್ಣಗಳು ಸೆಕೆಂಡಿಗೆ ಸುಮಾರು 12 ಸಲ ಪರದೆಯ ತುಂಬ ಕೆಲವು ಸೆಕೆಂಡು ಬದಲಾದವು. ಸುಮಾರು 685 ಮಂದಿಯನ್ನು, ಹೆಚ್ಚಾಗಿ ಮಕ್ಕಳನ್ನು, ಆಸ್ಪತ್ರೆಗೆ ಒಯ್ಯಲಾಯಿತು. ಎಲ್ಲರಿಗೂ ಫಿಟ್ಸ್ ಬಂದಿರಲಿಲ್ಲ, ತಲೆನೋವು, ವಾಕರಿಕೆಯವರೂ ಇದ್ದರು. ಆದರೆ ಫಿಟ್ಸ್ ಬಂದವರಲ್ಲಿ ಬಹುಪಾಲು ಮಕ್ಕಳಿಗೆ ಅದೇ ಜೀವನದ ಮೊದಲ ಫಿಟ್ಸ್, ತಮ್ಮ ಮೆದುಳಿನ ಈ ಸ್ವಭಾವ ಅವರಿಗೆ ಅಂದಿನವರೆಗೆ ಗೊತ್ತೇ ಇರಲಿಲ್ಲ. ಬ್ರಿಟನ್ನಿನಲ್ಲಿ 1993ರಲ್ಲಿಯೇ ಒಂದು ನೂಡಲ್ ಜಾಹೀರಾತಿನಿಂದ ಇಂಥದೇ ತೊಂದರೆಯಾಗಿ ಪ್ರಸಾರದ ನಿಯಮಗಳು ಬಂದಿದ್ದವು, ಜಪಾನಿನಲ್ಲಿ 1998ರಲ್ಲಿ ಬಂದವು. ಇಂದು ಅಂತರಜಾಲ ಪುಟಗಳಿಗೂ ಜಗತ್ತಿನಾದ್ಯಂತ ಒಪ್ಪಿದ ಅಳತೆಯೊಂದಿದೆ: ಯಾವುದೇ ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಮಿನುಗು ಇರಬಾರದು.

ನಮ್ಮ ಸಂಘದ ವೇದಿಕೆಯಲ್ಲಿ ಸ್ಟ್ರೋಬ್ ಲೈಟ್ (ಬೇಗ ಬೇಗ ಹೊತ್ತಿ ಆರುವ ದೀಪ) ಹಾಕಬಹುದೇ?

ಹಾಕದಿದ್ದರೆ ಒಳ್ಳೆಯದು, ಹಾಕಲೇಬೇಕಾದರೆ ಮೊದಲೇ ಹೇಳಿ. ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಊರಿನಿಂದ ಬಂದ ಮೇಳವೊಂದರ ಯಕ್ಷಗಾನಕ್ಕೆ ಹೋಗಿದ್ದೆ. ಮಹಿಷಾಸುರನ ಪ್ರವೇಶಕ್ಕೆ ಸಭಾಗೃಹದವರು ದೀಪಗಳನ್ನೆಲ್ಲ ಆರಿಸಿ ಬಿಳಿಯ ಸ್ಟ್ರೋಬ್ ಹೊಡೆಯತೊಡಗಿದರು. ಚೆಂಡೆಯ ಅಬ್ಬರದ ನಡುವೆ ಎರಡನೆಯ ಸಾಲಿನ ಹುಡುಗಿಯೊಬ್ಬಳು ಕುರ್ಚಿಯಿಂದ ಜಾರಿದ್ದು ಪಕ್ಕದವರಿಗೆ ತಿಳಿದದ್ದೇ ದೀಪ ಹತ್ತಿದ ಮೇಲೆ. ಜನ ದೇವಿ ಮೈಮೇಲೆ ಬಂದಳೆಂದು ಕೈಮುಗಿದರು, ಅವಳ ತಾಯಿ ಪರ್ಸಿನಿಂದ ಮಾತ್ರೆಯ ಪಟ್ಟಿ ತೆಗೆದಳು. ಹಿಂದಿನ ಯಕ್ಷಗಾನದ ದೊಂದಿಯ ಬೆಳಕೂ ತುಯ್ದಾಡುತ್ತಿತ್ತು, ಆದರೆ ಎಂದೂ ಪೂರ್ತಿ ಆರಿ ಪೂರ್ತಿ ಹೊತ್ತುತ್ತಿರಲಿಲ್ಲ, ತಾಳಕ್ಕೆ ಸರಿಯಾಗಿ ಹೊಡೆಯುತ್ತಲೂ ಇರಲಿಲ್ಲ. ಸಂಘಟಕರು ಮಾಡಬಹುದಾದದ್ದು: ಮಿನುಗನ್ನು ಸೆಕೆಂಡಿಗೆ ಮೂರಕ್ಕಿಂತ ಕೆಳಗಿಡುವುದು, ಕೆಲವೇ ಸೆಕೆಂಡುಗಳಿಗೆ ಸೀಮಿತಗೊಳಿಸುವುದು, ಸಭಾಗೃಹದ ಕೆಲವು ದೀಪಗಳನ್ನು ಉರಿಯಲು ಬಿಡುವುದು, ಬಾಗಿಲಲ್ಲಿ ಕನ್ನಡದಲ್ಲಿ ಒಂದು ಫಲಕ ತೂಗುಹಾಕುವುದು.

ಗಣಪತಿ ವಿಸರ್ಜನೆ, ದಾಂಡಿಯಾ, ಮದುವೆಯ ಫೋಟೊ ಫ್ಲ್ಯಾಷ್: ಇವಕ್ಕೆ ಹೋಗಬಾರದೇ?

ದೂರದಿಂದ, ಹಗಲಿನಲ್ಲಿ, ನಿದ್ದೆ ಮಾಡಿದ ದಿನ ಹೋಗಬಹುದು. ಒಬ್ಬ ಫೋಟೊಗ್ರಾಫರನ ಒಂದೊಂದೇ ಫ್ಲ್ಯಾಷಿಗೆ ಹೆದರಬೇಕಾಗಿಲ್ಲ. ಹತ್ತು ಮಂದಿ ಒಟ್ಟಿಗೆ ಹೊಡೆಯುವಾಗ ಅಂಗೈಯನ್ನು ನೆನಪಿಡಿ. ಪುಣೆಯ ಮೆರವಣಿಗೆಗಳಲ್ಲಿ ಲೇಸರ್ ಕಿರಣದ ಬಗ್ಗೆ ಕೇಳಿಬರುವ ದೂರು ಬೇರೆಯದು: ನೇರವಾಗಿ ಕಣ್ಣಿಗೆ ಬಿದ್ದ ಲೇಸರ್ ರೆಟಿನಾವನ್ನು ಸುಡಬಲ್ಲದು, ಅದಕ್ಕೆ ಅಪಸ್ಮಾರ ಇರಬೇಕಾಗಿಲ್ಲ, ಅದು ಯಾರಿಗಾದರೂ ಆಗಬಹುದು.

ಆಫೀಸಿನ ಗೆಳೆಯರು ಗೋವೆಗೆ ಕರೆಯುತ್ತಿದ್ದಾರೆ. ಬೆಳಕು ಸಂವೇದನೆ ಇದೆ. ಹೋಗಲೇ?

ಗೋವೆಗೆ ಹೋಗಿ, ರಾತ್ರಿಯಿಡೀ ನಡೆಯುವ ಪಾರ್ಟಿಗೆ ಬೇಡ. ಅಲ್ಲಿ ಸ್ಟ್ರೋಬ್, ಮದ್ಯ, ನಿದ್ದೆಗೇಡು, ಮರೆತ ಮಾತ್ರೆ ನಾಲ್ಕೂ ಒಂದೇ ಕೋಣೆಯಲ್ಲಿ ಸೇರಿರುತ್ತವೆ. ನೀರಿಗೆ ಇಳಿಯುವುದಾದರೆ ನಿಮ್ಮ ಕಾಯಿಲೆ ಗೊತ್ತಿರುವ, ಈಜು ಬಲ್ಲ ಒಬ್ಬರು ಜತೆಯಲ್ಲಿರಲಿ.

## ಪರೀಕ್ಷೆ, ಔಷಧ, ಮುಂದಿನ ಬದುಕು

ಇಇಜಿಯಲ್ಲಿ ಬೇಕೆಂದೇ ಫಿಟ್ಸ್ ಬರಿಸುತ್ತಾರಂತೆ. ಮಗಳನ್ನು ಕರೆತರಲು ಭಯ.

ಈ ಭಯ ನನಗೆ ಬಹಳ ಪರಿಚಿತ, ಆದ್ದರಿಂದ ಕೋಣೆಯೊಳಗೆ ನಡೆಯುವುದನ್ನು ಹಾಗೆಯೇ ಹೇಳುತ್ತೇನೆ. ನಮಗೆ ಬೇಕಾದದ್ದು ಫಿಟ್ಸ್ ಅಲ್ಲ, ಫಿಟ್ಸಿಗೆ ಮೊದಲು ಗೆರೆಗಳಲ್ಲಿ ಕಾಣುವ ಸುಳಿವು. ಮಂದ ಬೆಳಕಿನ ಕೋಣೆಯಲ್ಲಿ ದೀಪವನ್ನು ಮುಖದಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಇಡುತ್ತೇವೆ. ಸೆಕೆಂಡಿಗೆ ಒಂದು ಮಿನುಗಿನಿಂದ ಆರಂಭಿಸಿ 2, 8, 10, 15, 18, 20, ಹೀಗೆ ಮೆಟ್ಟಿಲು ಮೆಟ್ಟಿಲಾಗಿ 60ರವರೆಗೆ ಏರುತ್ತೇವೆ, ಪ್ರತಿ ಮೆಟ್ಟಿಲಿಗೂ ಕೆಲವೇ ಸೆಕೆಂಡು, ನಡುವೆ ಬಿಡುವು. ಕಣ್ಣು ತೆರೆದಿರುವಾಗ, ಮುಚ್ಚುವ ಕ್ಷಣದಲ್ಲಿ ಮತ್ತು ಮುಚ್ಚಿರುವಾಗ ಗೆರೆ ಹೇಗಿದೆ ಎಂದು ನೋಡುತ್ತೇವೆ. ತಲೆಯ ಎರಡೂ ಬದಿಯಲ್ಲಿ ಮುಳ್ಳಿನಂಥ ಅಲೆಗಳು ಒಮ್ಮೆಲೇ ಎದ್ದರೆ ಅದೇ ಬೆಳಕಿನ ಅಸಹಜ ಸ್ಪಂದನೆ, ಆ ಕ್ಷಣವೇ ದೀಪ ಆರಿಸುತ್ತೇವೆ. ಅನಂತರ 60ರಿಂದ ಕೆಳಗಿಳಿಯುತ್ತ ಬಂದು ಮೇಲಿನ ಗಡಿಯನ್ನು ಗುರುತಿಸುತ್ತೇವೆ. ಕೈ ಸದಾ ಗುಂಡಿಯ ಮೇಲಿರುತ್ತದೆ. ಈ ಪರೀಕ್ಷೆಯ ಮೂಲ ಬ್ರಿಟನ್ನಿನ ಗ್ರೇ ವಾಲ್ಟರ್ ಮತ್ತು ಸಂಗಡಿಗರು 1946ರಲ್ಲಿ ಸ್ಟ್ರೋಬ್ ದೀಪವನ್ನು ಇಇಜಿಯೊಡನೆ ಬಳಸಿದ್ದರಲ್ಲಿದೆ. ಎಲ್ಲಿಯೋ ರಸ್ತೆಯಲ್ಲಿ ತಿಳಿಯುವುದಕ್ಕಿಂತ ವೈದ್ಯರಿರುವ ಕೋಣೆಯಲ್ಲಿ ತಿಳಿಯುವುದು ಮೇಲು ಎಂದು ಆ ತಾಯಂದಿರಿಗೆ ಹೇಳುತ್ತಿದ್ದೆ. ಹಿಂದೆ ಬೆಳಕಿನಿಂದ ತೊಂದರೆಯಾಗಿದ್ದರೆ ಮೊದಲೇ ತಂತ್ರಜ್ಞರಿಗೆ ತಿಳಿಸಿ. ತಲೆಗೆ ಎಣ್ಣೆ ಹಚ್ಚದೆ, ತೊಳೆದು ಬನ್ನಿ. ಮಾತ್ರೆಯನ್ನು ನೀವೇ ನಿಲ್ಲಿಸಿ ಬರಬೇಡಿ.

ಗೆರೆಗಳಲ್ಲಿ ಸ್ಪಂದನೆ ಇದೆ ಎಂದರು, ಆದರೆ ಮಗನಿಗೆ ಒಮ್ಮೆಯೂ ಫಿಟ್ಸ್ ಬಂದಿಲ್ಲವಲ್ಲ?

ಹಾಗೂ ಇರುತ್ತದೆ. ಸ್ಪಂದನೆ ಬೇರೆ, ಕಾಯಿಲೆ ಬೇರೆ. ಬೆಳಕು ಸಂವೇದಿಗಳ ಅಣ್ಣತಮ್ಮಂದಿರಲ್ಲಿ, ಅಕ್ಕತಂಗಿಯರಲ್ಲಿ ಇಂಥ ಗೆರೆಗಳು ಕಾಣುವುದುಂಟು, ಏಕೆಂದರೆ ಈ ಸ್ವಭಾವದಲ್ಲಿ ವಂಶವಾಹಿಗಳ ಪಾಲಿದೆ. ಬರೀ ಗೆರೆಗೆ ಸಾಮಾನ್ಯವಾಗಿ ಮಾತ್ರೆ ಕೊಡುವುದಿಲ್ಲ, ಎಚ್ಚರಿಕೆ ಹೇಳುತ್ತಾರೆ.

ಬೆಳಿಗ್ಗೆ ಎದ್ದ ಕೂಡಲೇ ಮಗಳ ಕೈಯಿಂದ ಚಹಾ ಲೋಟ ಎಗರಿ ಬೀಳುತ್ತದೆ. ಸೋಮಾರಿತನವೇ?

ದಯವಿಟ್ಟು ಬೈಯಬೇಡಿ, ನರರೋಗ ತಜ್ಞರಿಗೆ ತೋರಿಸಿ. ಹರೆಯದಲ್ಲಿ ಆರಂಭವಾಗುವ, ಮುಂಜಾನೆ ಭುಜ-ಕೈಗಳು ಝಕ್ಕೆಂದು ಎಗರುವ ಒಂದು ಬಗೆಯ ಅಪಸ್ಮಾರವಿದೆ, ವೈದ್ಯರು ಅದನ್ನು ಜೆಎಂಇ ಎನ್ನುತ್ತಾರೆ. ಹಲ್ಲುಜ್ಜುವ ಬ್ರಷ್ ಹಾರುವುದು, ಲೋಟ ಚೆಲ್ಲುವುದು ಇವನ್ನು ಮನೆಯವರು ವರ್ಷಗಟ್ಟಲೆ ಅಜಾಗರೂಕತೆ ಎಂದುಕೊಳ್ಳುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟಾಗ ಒಂದು ದಿನ ದೊಡ್ಡ ಫಿಟ್ಸ್ ಬಂದಮೇಲೆಯೇ ಅರ್ಥವಾಗುವುದು. ಬೆಳಕಿನ ಸಂವೇದನೆ ಹೆಚ್ಚಾಗಿ ಕಂಡುಬರುವುದು ಈ ಗುಂಪಿನಲ್ಲಿಯೇ. ಪುಣೆಯ ಐಟಿ ಪ್ರದೇಶವಾದ ಹಿಂಜೆವಾಡಿಯ ರಾತ್ರಿ ಪಾಳಿಯ ಕೆಲಸ ಇವರಿಗೆ ತಕ್ಕದ್ದಲ್ಲ. ಇನ್ನೊಂದು ಮಾತು: ಫಿಟ್ಸಿಗೆಂದು ಸಾಮಾನ್ಯವಾಗಿ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್ ಮಾತ್ರೆಗಳು ಈ ಎಗರುವಿಕೆಯನ್ನು ಹೆಚ್ಚಿಸಬಲ್ಲವು. ಪಕ್ಕದ ಮನೆಯವರಿಗೆ ಒಗ್ಗಿದ ಮಾತ್ರೆಯನ್ನು ಮಗಳಿಗೆ ಕೊಡಬಾರದು ಎಂಬುದಕ್ಕೆ ಇದೊಂದೇ ಕಾರಣ ಸಾಕು.

ನಮ್ಮ ಮೈಸೂರು ಕಡೆ ಬಿಸಿನೀರು ತಲೆಗೆ ಹಾಕಿಕೊಂಡರೆ ಫಿಟ್ಸ್ ಬರುತ್ತದೆ. ಅದೂ ಇದೂ ಒಂದೇನಾ?

ಒಂದೇ ಬಳಗದವು, ಒಂದೇ ಅಲ್ಲ. ಹೊರಗಿನ ಒಂದು ನಿರ್ದಿಷ್ಟ ಪ್ರಚೋದನೆಗೆ ಬರುವ ಫಿಟ್ಸುಗಳಲ್ಲಿ ಬೆಳಕಿನದು ಜಗತ್ತಿನಲ್ಲೆಲ್ಲ ಹೆಚ್ಚು ಪ್ರಸಿದ್ಧ. ಆದರೆ ದಕ್ಷಿಣ ಕರ್ನಾಟಕದಲ್ಲಿ ಬಿಸಿನೀರಿನದು ಬಹಳವಾಗಿ ಕಂಡುಬಂದು, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ದಶಕಗಳಿಂದ ಅದನ್ನು ಅಧ್ಯಯನ ಮಾಡಿದ್ದಾರೆ. 40ರಿಂದ 50 ಡಿಗ್ರಿಯ ನೀರನ್ನು ಚೊಂಬಿನಿಂದ ಒಂದೇ ಸಮನೆ ನೆತ್ತಿಗೆ ಸುರಿಯುವ ನಮ್ಮ ಪದ್ಧತಿಯೇ ಅಲ್ಲಿ ಕಾರಣವಾಗುತ್ತದೆ. ಉಗುರುಬೆಚ್ಚಗಿನ ನೀರಿಗೆ ಇಳಿದರೆ ಅನೇಕರಿಗೆ ಅಷ್ಟೇ ಸಾಕಾಗುತ್ತದೆ. ಉಳಿದವರಿಗೆ ತಲೆಸ್ನಾನಕ್ಕೆ ಮೊದಲು ತೆಗೆದುಕೊಳ್ಳುವ ಕ್ಲೋಬಜಾಮ್ ಮಾತ್ರೆಯನ್ನು ವೈದ್ಯರು ಬರೆದುಕೊಡುತ್ತಾರೆ. ಮುಂಬಯಿಯ ವೈದ್ಯರೊಡನೆ ಮಾತನಾಡುವಾಗ "ಮಿರ್ಗಿ" (ಹಿಂದಿಯಲ್ಲಿ ಅಪಸ್ಮಾರ) ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಊರಿನಲ್ಲಿ ಸ್ನಾನದ ಮನೆಯಲ್ಲಿಯೇ ಬಂದಿತ್ತು ಎಂಬುದನ್ನು ತಪ್ಪದೆ ಹೇಳಿ, ಇಲ್ಲದಿದ್ದರೆ ಅದನ್ನು ಕೇಳಬೇಕೆಂದು ಅವರಿಗೆ ಹೊಳೆಯದೆ ಇರಬಹುದು.

ನಾಲ್ಕು ವರ್ಷದ ಮಗು ಬಿಸಿಲಿಗೆ ಮುಖವೊಡ್ಡಿ ಕಣ್ಣ ಮುಂದೆ ಬೆರಳಾಡಿಸುತ್ತದೆ. ಆಟವೇ?

ಆಟವಾಗಿರಬಹುದು, ಆಗದೆಯೂ ಇರಬಹುದು. ಸೂರ್ಯಕಾಂತಿಯಂತೆ ಬಿಸಿಲಿನತ್ತ ತಿರುಗಿ, ಬೆರಳುಗಳನ್ನು ಕಣ್ಣ ಮುಂದೆ ಬೀಸಿ ತಾನೇ ಮಿನುಗನ್ನು ಉಂಟುಮಾಡಿಕೊಳ್ಳುವ ಅಪರೂಪದ ಅಪಸ್ಮಾರವಿದೆ. ಆ ಕ್ಷಣದಲ್ಲಿ ಮಗುವಿನ ನೋಟ ಶೂನ್ಯವಾಗುತ್ತದೆಯೇ, ರೆಪ್ಪೆಗಳು ಅದುರುತ್ತವೆಯೇ, ಕರೆದರೆ ತಿರುಗುವುದಿಲ್ಲವೇ ಎಂಬುದನ್ನು ಮೊಬೈಲಿನಲ್ಲಿ ಚಿತ್ರಿಸಿ ವೈದ್ಯರಿಗೆ ತೋರಿಸಿ. ಆ ಅರ್ಧ ನಿಮಿಷದ ವೀಡಿಯೊ ಹತ್ತು ಪುಟದ ವಿವರಣೆಗಿಂತ ಬೆಲೆಯುಳ್ಳದ್ದು.

ನೀಲಿ ಕನ್ನಡಕ ಹಾಕಿದರೆ ಗುಣವಾಗುತ್ತದಂತೆ?

ಗುಣವಾಗುವುದಿಲ್ಲ, ಆದರೆ ತಡೆಯುತ್ತದೆ. ಜ಼ೆಡ್-1 ಎಂಬ ಹೆಸರಿನ ಕಡುನೀಲಿ ಗಾಜನ್ನು ಇಟಲಿಯ ವೈದ್ಯರು 610 ಬೆಳಕು ಸಂವೇದಿಗಳ ಮೇಲೆ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. 463 ಮಂದಿಯಲ್ಲಿ ಇಇಜಿಯ ಸ್ಪಂದನೆ ಪೂರ್ತಿ ಮಾಯವಾಯಿತು, 109 ಮಂದಿಯಲ್ಲಿ ಕಡಿಮೆಯಾಯಿತು. ಆ ಗಾಜು ಕೆಂಪನ್ನು ತಡೆದು, ಒಟ್ಟು ಬೆಳಕನ್ನೂ ಬಹಳ ತಗ್ಗಿಸುತ್ತದೆ. ರಸ್ತೆ ಬದಿಯಲ್ಲಿ ಸಿಗುವ ನೀಲಿ ಗಾಗಲ್ಸ್ ಅದಲ್ಲ. ಕಂಪ್ಯೂಟರಿಗೆಂದು ಮಾರುವ, ನೀಲಿ ಬೆಳಕನ್ನು ತಡೆಯುವ ಹಳದಿ ಛಾಯೆಯ ಗಾಜಂತೂ ಇದರ ತದ್ವಿರುದ್ಧ.

ಮಗಳಿಗೆ ಮದುವೆ ಗೊತ್ತಾಗಿದೆ. ವಾಲ್ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದಾಳೆ. ಹುಡುಗನ ಕಡೆಯವರಿಗೆ ಹೇಳಬೇಕೇ?

ಎರಡು ಪ್ರಶ್ನೆಗಳಿವೆ. ಬೆಳಕಿನ ಸಂವೇದನೆಗೆ ವಾಲ್ಪ್ರೊಯೇಟ್ ಬಹಳ ಪರಿಣಾಮಕಾರಿ, ಆದರೆ ಗರ್ಭಿಣಿ ಅದನ್ನು ತೆಗೆದುಕೊಂಡರೆ ಸುಮಾರು 10 ಶಿಶುಗಳಲ್ಲಿ ಒಂದಕ್ಕೆ ಅಂಗದೋಷ, 10ರಲ್ಲಿ 3–4 ಮಕ್ಕಳಿಗೆ ಬೆಳವಣಿಗೆಯ ತೊಂದರೆ ಆಗಬಹುದು. ಆದ್ದರಿಂದ ಹೆಣ್ಣುಮಕ್ಕಳಿಗೆ ಲೆವೆಟಿರಸಿಟಮ್, ಲಾಮೊಟ್ರಿಜಿನ್‌ನಂಥವನ್ನು ವೈದ್ಯರು ಯೋಚಿಸುತ್ತಾರೆ. ಮದುವೆಗೆ ತಿಂಗಳುಗಳ ಮೊದಲೇ ಹೋಗಿ ಮಾತನಾಡಿ, ಗರ್ಭ ನಿಂತ ಮೇಲೆ ಗಾಬರಿಯಿಂದ ಮಾತ್ರೆ ಬಿಸಾಡಬೇಡಿ. ಇನ್ನು ಹೇಳುವ ಮಾತು: ಹಿಂದೂ ವಿವಾಹ ಕಾಯಿದೆಯಲ್ಲಿ ಅಪಸ್ಮಾರ ಮದುವೆಗೆ ಅಡ್ಡಿಯೆಂದು ಇದ್ದ ಮಾತನ್ನು 1999ರ ತಿದ್ದುಪಡಿ ತೆಗೆದುಹಾಕಿದೆ. ಆದರೂ ನನ್ನ ಅಭಿಪ್ರಾಯದಲ್ಲಿ ಹೇಳಲೇಬೇಕು. ಮುಚ್ಚಿಟ್ಟ ಮನೆಗಳಲ್ಲಿ ಹುಡುಗಿಯರು ಮಾತ್ರೆಯನ್ನು ಅಡುಗೆಮನೆಯ ಡಬ್ಬಿಯಲ್ಲಿ ಅಡಗಿಸಿಟ್ಟು, ಅತ್ತೆ ಇದ್ದ ದಿನಗಳಲ್ಲೆಲ್ಲ ನುಂಗದೆ ಬಿಟ್ಟು, ಮತ್ತೆ ನನ್ನ ಕೋಣೆಗೆ ಬಂದಿದ್ದಾರೆ.

ಸ್ಕೂಟರ್ ಓಡಿಸಬಹುದೇ?

ಚಾಲನಾ ಪರವಾನಗಿಯ ಸ್ವಯಂ ಘೋಷಣೆಯಲ್ಲಿ ಅಪಸ್ಮಾರ ಇದೆಯೇ ಎಂದು ನೇರವಾಗಿಯೇ ಕೇಳುತ್ತಾರೆ, ಸುಳ್ಳು ಬರೆಯುವಂತಿಲ್ಲ. ಕಾನೂನನ್ನು ಬದಿಗಿಟ್ಟರೂ, ಸಾಲುಮರಗಳ ಬಿಸಿಲಿನಲ್ಲಿ ಅಂಗೈಯಿಂದ ಕಣ್ಣು ಮುಚ್ಚಿಕೊಳ್ಳುವ ಉಪಾಯ ಹ್ಯಾಂಡಲ್ ಹಿಡಿದವನಿಗೆ ಒದಗುವುದಿಲ್ಲ.

ಈಗ 24 ವರ್ಷ. ಮೂರು ವರ್ಷದಿಂದ ಒಂದೂ ಫಿಟ್ಸ್ ಇಲ್ಲ. ಮಾತ್ರೆ ನಿಲ್ಲಿಸಬಹುದೇ?

ಬೆಳಕು ಸಂವೇದಿಗಳಲ್ಲಿ ಸುಮಾರು ಕಾಲುಭಾಗದಷ್ಟು ಜನರಿಗೆ ಇಪ್ಪತ್ತರ ಹರೆಯದ ನಡುವಿನಲ್ಲಿ ಈ ಸ್ವಭಾವ ಮಾಸುತ್ತದೆ. ನೀವು ಆ ಕಾಲುಭಾಗದವರೇ, ಉಳಿದ ಮುಕ್ಕಾಲಿನವರೇ ಎಂಬುದನ್ನು ಫಿಟ್ಸ್ ಬಾರದ ವರ್ಷಗಳು ಮಾತ್ರ ಹೇಳಲಾರವು, ಏಕೆಂದರೆ ಆ ವರ್ಷಗಳನ್ನು ಕೊಟ್ಟದ್ದು ಮಾತ್ರೆಯೇ ಆಗಿರಬಹುದು. ಮಿನುಗುದೀಪದೊಡನೆ ಇನ್ನೊಂದು ಇಇಜಿ ಮಾಡಿಸಿ, ಗೆರೆಗಳನ್ನು ಹಳೆಯದರೊಡನೆ ಹೋಲಿಸಿ ನೋಡಿದ ಮೇಲೆಯೇ ವೈದ್ಯರು ತೀರ್ಮಾನಿಸುತ್ತಾರೆ. ನಿಲ್ಲಿಸುವುದಾದರೂ ತಿಂಗಳುಗಳ ಕಾಲ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಬೆಳಗಿನ ಎಗರುವಿಕೆಯ ಜೆಎಂಇ ನಿಮ್ಮದಾಗಿದ್ದರೆ ಮಾತ್ರೆ ಬಿಟ್ಟವರಲ್ಲಿ ಬಹಳ ಮಂದಿಗೆ ಅದು ಮರುಕಳಿಸುತ್ತದೆ, ಅಂಥವರಿಗೆ ಕಡಿಮೆ ಪ್ರಮಾಣದಲ್ಲಿಯಾದರೂ ಮುಂದುವರಿಸುವುದು ರೂಢಿ. ಹಳೆಯ ಇಇಜಿ ವರದಿಯನ್ನು ರದ್ದಿಗೆ ಹಾಕದೆ ಕಡತದಲ್ಲಿ ಇಟ್ಟುಕೊಂಡಿದ್ದರೆ, ಹೋಗುವಾಗ ಅದನ್ನು ಜತೆಗೆ ಒಯ್ಯಿರಿ.